ಕಾಮಕಸ್ತೂರಿಗೆ ಇಂಗು

ಕಾಮಕಸ್ತೂರಿ ಎಲೆಯನ್ನು ಯಾರಾದರೂ ಹಿಚುಕಿದರೆ ಅದರ ಹಿಂದೆಯೇ ಇಂಗಿನ ವಾಸನೆಯೂ ನನ್ನ ಮೂಗಿಗೆ ಬಂದ ಹಾಗಾಗುತ್ತದೆ. ಹೋದ ವಾರ ಪುಣೆಯ ಮಂಡಯಿ ಮಾರುಕಟ್ಟೆಯಲ್ಲಿ ಹೂ ಮಾರುವವಳು ಸೇವಂತಿಗೆಯ ಜೊತೆ ಒಂದು ಹಿಡಿ ಕಾಮಕಸ್ತೂರಿ ಇಟ್ಟು ಕಟ್ಟಿಕೊಟ್ಟಳು. ಇಲ್ಲಿಯವರು ಅದಕ್ಕೆ ಸಬ್ಜಾ ಅನ್ನುತ್ತಾರೆ. ಬಸ್ಸಿನಲ್ಲಿ ಕೂತು ಆ ಕಟ್ಟನ್ನು ಮೂಸಿದೆ. ಮೂಸಿದವಳೇ ಪಕ್ಕದ ಸೀಟಿನ ಹೆಂಗಸಿನ ಚೀಲವನ್ನು ಓರೆಗಣ್ಣಿನಿಂದ ನೋಡಿದೆ, ಇಂಗಿನ ಡಬ್ಬಿ ಏನಾದರೂ ತೆರೆದುಕೊಂಡಿದೆಯೋ ಎಂದು. ಅವಳ ಚೀಲದಲ್ಲಿ ಇದ್ದದ್ದು ಮೆಂತ್ಯದ ಸೊಪ್ಪು ಮಾತ್ರ. ಇಂಗು ಇದ್ದದ್ದು ನನ್ನ ತಲೆಯೊಳಗೆ.

ನನ್ನ ಸ್ವಭಾವವನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ತಕರಾರು ಬೇಡ. ನನಗೆ ಅನುಮಾನ ಜಾಸ್ತಿ. ಮನೆಗೆ ಬೀಗ ಹಾಕಿ ಕೆಳಗಿಳಿದ ಮೇಲೆ, ಅದನ್ನು ಎಳೆದು ನೋಡಲು ಮತ್ತೆ ಮೆಟ್ಟಿಲು ಹತ್ತುವವಳು ನಾನು. ಶಾಲೆಯಲ್ಲಿ ನಾನು ಆಟದ ಟೀಚರು. ಆದರೂ ಪರೀಕ್ಷೆ ಬಂತೆಂದರೆ ಹೆಡ್ ಮೇಡಂ ನನ್ನನ್ನೇ ಕೋಣೆಯಿಂದ ಕೋಣೆಗೆ ಓಡಾಡಿಸುತ್ತಿದ್ದರು. ಯಾರ ತೋಳಿನ ಮಡಿಕೆಯಲ್ಲಿ ಚೀಟಿ ಇದೆ ಎಂಬುದು ಹುಡುಗನ ಕಿವಿ ನೋಡಿದರೆ ನನಗೆ ತಿಳಿಯುತ್ತಿತ್ತು. ಸುಳ್ಳು ಹೇಳುವವರಿಗೆ ಮೊದಲು ಕೆಂಪಾಗುವುದು ಕಿವಿ. ನಮ್ಮ ಯಜಮಾನರು ಗುರುನಾಥ ಅವರು ಹಡಪಸರದಲ್ಲಿ ಹಾರ್ಡ್‌ವೇರ್ ಏಜೆನ್ಸಿಯೊಂದರಲ್ಲಿ ಕೆಲಸ ಮಾಡುವ, ವಿಜಯಪುರದ ಸಮಾಧಾನದ ಮನುಷ್ಯ. "ದೇವ್ರು ಪ್ರತ್ಯಕ್ಷ ಆಗಿ ಮುಂದ ನಿಂತ್ರೂ ನೀ ಆಧಾರ್ ಕಾರ್ಡ್ ಕೇಳ್ತಿ ನೋಡು" ಎಂದು ಅವರು ನನ್ನನ್ನು ಚುಡಾಯಿಸುತ್ತಿದ್ದರು. ಅದರಲ್ಲಿ ತಪ್ಪೇನು ಎಂದು ನನಗೆ ಈಗಲೂ ತಿಳಿದಿಲ್ಲ.

ಕೊರೊನಾದ ಎರಡನೇ ಅಲೆ ಬಂದ ವರ್ಷ ಅದು. ಏಪ್ರಿಲ್‌ನಲ್ಲಿ ಪುಣೆ ಶಹರ ಬರೀ ಆಂಬುಲೆನ್ಸಿನ ಸದ್ದಿನಲ್ಲಿ ಬದುಕಿತ್ತು. ಶಾಲೆ ಮೊಬೈಲಿನೊಳಗೆ ಸೇರಿಕೊಂಡಿತ್ತು, ಮೊಬೈಲಿನೊಳಗೆ ಆಟದ ಟೀಚರಿಗೆ ಏನು ಕೆಲಸ? ಮನೆಯಲ್ಲಿ ಕೂತು ನೆರೆಮನೆಯವರ ಕೆಮ್ಮು ಕೇಳಿಸಿಕೊಳ್ಳುತ್ತಿದ್ದೆ. ಅದು ಒಣ ಕೆಮ್ಮೋ, ಕಫದ್ದೋ, ಒಗ್ಗರಣೆಯ ಘಾಟಿನದೋ ಎಂದು ಗೋಡೆಗೆ ಕಿವಿ ಕೊಟ್ಟು ವಿಂಗಡಿಸುವುದೇ ಉದ್ಯೋಗವಾಗಿತ್ತು. ಆ ವರ್ಷ ಊರಿಗೆ ಊರೇ ನನ್ನ ಸ್ವಭಾವಕ್ಕೆ ಬಂದು ನಿಂತಿತ್ತು ಅನ್ನಬೇಕು. ಕಿರಾಣಿ ಅಂಗಡಿಯವನು ನೋಟನ್ನು ಚಿಮಟದಲ್ಲಿ ಹಿಡಿಯುತ್ತಿದ್ದ, ಲಿಫ್ಟಿನಲ್ಲಿ ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. "ಹೇಗಿದ್ದೀರಿ" ಎಂದರೆ ಎಲ್ಲರೂ "ಅರಾಮ" ಅನ್ನುತ್ತಿದ್ದರು, ಯಾರೂ ಯಾರನ್ನೂ ನಂಬುತ್ತಿರಲಿಲ್ಲ.

ಮೇ ತಿಂಗಳ ಕೊನೆಗೆ ರೇಚೆಲ್ ಬಾಯಿಯ ಫೋನ್ ಬಂತು. ಅವರ ಮಗಳು ನನ್ನ ಶಾಲೆಯಲ್ಲಿ ಓದಿದವಳು. ಪುಣೆಯ ಹಳೆಯ ಪೇಟೆಯ ಓಣಿಯಲ್ಲಿರುವ ಯಹೂದಿಗಳ ಪ್ರಾರ್ಥನಾ ಮಂದಿರದ ಕಮಿಟಿಗೆ ಅವರು ಸೆಕ್ರೆಟರಿ. ಹದಿಮೂರರಿಂದ ಹದಿನಾರು ವಯಸ್ಸಿನ ಹನ್ನೆರಡು ಮಕ್ಕಳಿಗೆ ಅಂಗಳದಲ್ಲಿ ಬೇಸಿಗೆ ಶಿಬಿರ ಮಾಡಬೇಕು, ಬೆಳಿಗ್ಗೆ ಬಂದು ಮಧ್ಯಾಹ್ನ ಮನೆಗೆ ಹೋಗುವ ಶಿಬಿರ. ಅದನ್ನು ನಾನು ನಡೆಸಿಕೊಡಬೇಕು. ಅವರು ಹೇಳಿದ್ದು ಮರಾಠಿಯಲ್ಲಿ, ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನಾನು ನಿಮ್ಮ ಧರ್ಮದವಳಲ್ಲ ಬಾಯಿ, ನನಗೇನು ಗೊತ್ತು?" ಎಂದೆ.

"ಅದಕ್ಕೇ ನೀವು ಬೇಕು. ನಮ್ಮವರನ್ನು ಗೇಟಿಗೆ ನಿಲ್ಲಿಸಿದರೆ ಜ್ವರ ಬಂದ ಅಕ್ಕನ ಮಗನನ್ನು ಕೈಹಿಡಿದು ಒಳಗೆ ಕರೆತರುತ್ತಾರೆ. ಇಲ್ಲಿ ಎಲ್ಲರೂ ಎಲ್ಲರಿಗೂ ಮಾಮಾ, ಮಾವಶಿ, ಆತ್ಯಾ. ಸಂಬಂಧವೇ ಇಲ್ಲದವರು ಒಬ್ಬರು ಬೇಕು. ಅದೂ ಅಲ್ಲದೆ ನನ್ನ ಮಗಳು ಹೇಳುತ್ತಿದ್ದಳು, ನೀವು ಯಾರನ್ನೂ ನಂಬುವುದಿಲ್ಲವಂತೆ."

ಪರೀಕ್ಷೆಯ ಕೋಣೆಗಳ ಹೊರಗೆ ಮೊದಲ ಸಲ ನನ್ನ ಅನುಮಾನಕ್ಕೆ ಯಾರೋ ಕೆಲಸ ಕೊಟ್ಟಿದ್ದರು. ಒಪ್ಪಿಕೊಂಡೆ. ಆಮೇಲೆ ರೇಚೆಲ್ ಬಾಯಿಯ ದನಿ ಇಳಿಯಿತು. "ಇನ್ನೊಂದು ಮಾತು. ಪಾಠ ಹೇಳುವವರು ನಮ್ಮ ಪಪ್ಪಾ. ಎಂಬತ್ತು ದಾಟಿದೆ. ಲಸಿಕೆ ಒಂದೇ ಡೋಸ್ ಆಗಿದೆ, ಎರಡನೆಯದು ಎಲ್ಲೂ ಸಿಗುತ್ತಿಲ್ಲ. ನಮ್ಮ ಹಳೆಯ ಹಾಡುಗಳ ಧಾಟಿ ಪೂರ್ತಿ ಬರುವುದು ಈಗ ಅವರೊಬ್ಬರಿಗೇ. ಮಕ್ಕಳಿಗೆ ಕಲಿಸಿಯೇ ತೀರುತ್ತೇನೆ ಅಂತ ಹಟ. ಅವರಿಗೆ ಏನೂ ಆಗಬಾರದು ಬಾಯಿ. ಒಂದು ಕೇಸ್ ಬಂದರೂ ಗೇಟಿಗೆ ಬೀಗ."

ಏನೂ ಆಗಲು ಬಿಡುವುದಿಲ್ಲ ಎಂದು ಮಾತು ಕೊಟ್ಟೆ.

"ಯಹೂದಿ ಅಂದ್ರ ಫಾರಿನ್ನವರೇನು?" ಎಂದು ಗುರುನಾಥ ಕೇಳಿದರು. ನನಗೂ ಅದೇ ಅನುಮಾನವಿತ್ತು. ಹೋಗಿ ನೋಡಿದರೆ ಸೀರೆ ಉಟ್ಟು ಮಂಗಳಸೂತ್ರ ಹಾಕಿಕೊಂಡ ಹೆಂಗಸರು, ಊರಿನ ಹೆಸರಿಗೆ 'ಕರ' ಸೇರಿಸಿದ ಅಡ್ಡಹೆಸರುಗಳು, ತೆಂಗಿನ ಹಾಲು ಹಾಕಿದ ಮೀನಿನ ಸಾರಿನ ಡಬ್ಬಿಗಳು. ಬೆನೆ ಇಸ್ರೇಲಿಗಳು ಅವರು. ಯಾವ ಕಾಲದಲ್ಲೋ ಕೊಂಕಣದ ಕಡಲತೀರಕ್ಕೆ ಬಂದು ಸೇರಿ, ಹಳ್ಳಿಗಳಲ್ಲಿ ಎಣ್ಣೆಯ ಗಾಣ ನಡೆಸಿಕೊಂಡು, ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದ ಜನ. ಮಕ್ಕಳು ನನ್ನ ಶಾಲೆಯ ಮಕ್ಕಳ ಹಾಗೇ ಇದ್ದರು. ಮರಾಠಿಯಲ್ಲಿ ಜಗಳ, ಇಂಗ್ಲಿಷಿನಲ್ಲಿ ಕ್ಷಮೆ.

ಹೆಸರಿಗೆ ಬೇಸಿಗೆ ಶಿಬಿರ, ಶುರುವಾದದ್ದು ಜೂನ್‌ನಲ್ಲಿ, ಮಳೆ ಬಾಗಿಲಿಗೆ ಬಂದಾಗ. ಪೊಲೀಸ್ ಚೌಕಿಯಲ್ಲಿ ಬಾಯಿಮಾತಿನ ಒಪ್ಪಿಗೆ ಸಿಕ್ಕಿತ್ತು, ಅದನ್ನು ಕಿತ್ತುಕೊಳ್ಳಲು ನೆರೆಯವರ ಒಂದು ಫೋನ್ ಸಾಕಿತ್ತು. ಕಲ್ಲುಹಾಸಿನ ಅಂಗಳ, ನಡುವೆ ಬೇವಿನ ಮರ, ಒಂದು ಕಡೆ ತಗಡಿನ ಚಪ್ಪರ, ಓಣಿಗೆ ಮುಖ ಮಾಡಿದ ಕಬ್ಬಿಣದ ಸರಳಿನ ಗೇಟು. ಪ್ಲಾಸ್ಟಿಕ್ ಕುರ್ಚಿಗಳನ್ನು ಮಾರು ದೂರಕ್ಕೊಂದು ಇಟ್ಟು ಸುಣ್ಣದಲ್ಲಿ ಸುತ್ತು ಬರೆದೆ. ನನ್ನ ಪಾಲಿಗೆ ಆಟದ ತಾಸು. ಯಾರನ್ನೂ ಮುಟ್ಟದೆ ಖೊ ಖೊ ಆಡಿಸಿದೆ. ಬೆನ್ನು ಮುಟ್ಟುವ ಬದಲು ಹಿಂದೆ ನಿಂತು ಚಪ್ಪಾಳೆ ತಟ್ಟಬೇಕು. ಮುಟ್ಟದ ಖೊ ಖೊ ಅಂದರೆ ಉಪ್ಪಿಲ್ಲದ ಸಾರು, ಆದರೂ ಆ ಮಕ್ಕಳು ಒಂದು ವರ್ಷದಿಂದ ಕಟ್ಟಿಹಾಕಿದ ಕರುಗಳ ಹಾಗೆ ಓಡಿದರು.

ಮೊದಲ ದಿನ, ಅಂಗಳದ ಹಿಂದಿನ ಎರಡು ಕೋಣೆಗಳಿಂದ ಬಿಳಿ ಅಂಗಿಯ, ತಲೆಗೆ ಪುಟ್ಟ ಟೋಪಿಯ ಮುದುಕರೊಬ್ಬರು ಹೊರಬಂದರು. ರೇಚೆಲ್ ಬಾಯಿಯ ತಂದೆ. ಎಲ್ಲರೂ ಅವರನ್ನು ಎಜ್ರಾ ಮಾಮಾ ಅನ್ನುತ್ತಿದ್ದರು. ನನ್ನ ಮರಾಠಿ ಕೇಳಿ ಒಂದು ಕ್ಷಣ ತಲೆ ಓರೆ ಮಾಡಿದರು.

"ಯಾವೂರವಾ ನಿಂದು?"

ನಾನು ಬೆಚ್ಚಿಬಿದ್ದೆ. "ವಿಜಾಪುರ್ರಿ. ನಿಮಗ ಕನ್ನಡ ಹೆಂಗ..."

"ಹುಬ್ಬಳ್ಳಿಯೊಳಗ ಅರ್ಧಾ ಸರ್ವೀಸ್ ಮಾಡೇನಿ. ರೈಲ್ವೇ ಗಾರ್ಡು. ಕಡೀ ಡಬ್ಬಿಯೊಳಗ ಕುಂತು ಮಿರ್ಚಿ ಭಜಿ ತಿಂದವ ನಾ. ಇಲ್ಲಿ ಯಾರ ಜೋಡೀನೂ ಮಾತಾಡಾಕ ಆಗ್ದ ನಾಲಿಗಿ ಜಂಗು ಹಿಡದಿತ್ತು ನೋಡು."

ಅಲ್ಲಿಗೆ ಮುಗಿಯಿತು. ಪರವೂರಿನ ಓಣಿಯಲ್ಲಿ ನಮ್ಮ ಮಾತನ್ನು ಅಷ್ಟು ಸಲೀಸಾಗಿ ಆಡಿದವರನ್ನು ನಾನು ಅನುಮಾನದ ಹೊರಗೆ ಕೂರಿಸಿಬಿಟ್ಟೆ. ಹಣೆಗೆ ಹಿಡಿಯುವ ಥರ್ಮಾಮೀಟರ್ ಗನ್ನು ಗೇಟಿನಲ್ಲಿತ್ತು, ಮಾಮಾ ಗೇಟಿನ ಒಳಗಿನವರು.

ಶಿಬಿರ ಪ್ರತಿದಿನ ಶುರುವಾಗುತ್ತಿದ್ದದ್ದು ಕಾಮಕಸ್ತೂರಿಯಿಂದ. ಮಾಮಾ ತಮ್ಮ ಕೋಣೆಯ ಮುಂದೆ ಹಳೆಯ ಡಾಲ್ಡಾ ಡಬ್ಬಿಗಳಲ್ಲಿ ಅದನ್ನು ಬೆಳೆಸಿದ್ದರು. ಒಂದೊಂದು ಕುಡಿ ಕಿತ್ತು ಪ್ರತಿ ಕುರ್ಚಿಯ ಮೇಲೂ ಇಡುವುದು ನನ್ನ ಕೆಲಸ. ಒಬ್ಬೊಬ್ಬರಾಗಿ ಮಾಸ್ಕ್ ಇಳಿಸಿ, ಎಲೆ ಮೂಸಿ, ಸುವಾಸನೆ ಸೃಷ್ಟಿಸಿದ ದೇವರನ್ನು ಸ್ತುತಿಸುವ ಒಂದು ಸಾಲನ್ನು ಹೀಬ್ರೂ ಭಾಷೆಯಲ್ಲಿ ಗಟ್ಟಿಯಾಗಿ ಹೇಳಬೇಕು. ಉಳಿದವರು 'ಆಮೇನ್' ಅನ್ನಬೇಕು. ಮಕ್ಕಳಿಗೆ ಮರಾಠಿಯಲ್ಲಿ ಹೇಳಿದ್ದನ್ನು ಮಾಮಾ ನನಗೆ ಕನ್ನಡದಲ್ಲಿ ತಿಳಿಸಿದರು.

"ಮೂಗಿಗೆ ವಾಸನಿ ಬಂದ ಮ್ಯಾಲೇನ ಹೇಳಬೇಕವಾ. ವಾಸನಿ ಬರ್ದ ಹೇಳಿದ್ರ ದೇವ್ರ ಹೆಸರು ಸುಳ್ಳಿಗೆ ಎಳದಂಗ. ಭಾಳ ದೊಡ್ಡ ತಪ್ಪು. ಆಮೇನ್ ಅಂದ್ರ, ನೀ ಹೇಳಿದ್ದು ಖರೇ ಐತಿ, ನಾ ನಂಬೇನಿ ಅಂತ."

ನನ್ನ ತಲೆಯಲ್ಲಿ ದೀಪ ಹತ್ತಿತು. ಆ ಗನ್ನಿನ ಮೇಲೆ ನನಗೆ ಕವಡೆಯಷ್ಟೂ ನಂಬಿಕೆ ಇರಲಿಲ್ಲ. ಮಕ್ಕಳ ಹಣೆಗೆ ತೋರಿಸಿದಷ್ಟೇ ಡಿಗ್ರಿಯನ್ನು ಅದು ಬೇವಿನ ಮರಕ್ಕೂ ತೋರಿಸುತ್ತಿತ್ತು. ಆದರೆ ಆ ರೋಗ ಬಂದವರಿಗೆ ಮೂಗು ಹೋಗುತ್ತದೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಇಲ್ಲಿ ದಿನ ಬೆಳಗಾದರೆ ಹನ್ನೆರಡು ಮೂಗುಗಳ ಪರೀಕ್ಷೆ, ಅದೂ ದೇವರ ಸಾಕ್ಷಿಯಲ್ಲಿ. ಬೇವಿನ ಮರಕ್ಕೆ ಒರಗಿ ನಿಂತು ಒಬ್ಬೊಬ್ಬರ ಮುಖವನ್ನೂ ಓದತೊಡಗಿದೆ.

ಮೊದಲ ವಾರದೊಳಗೇ ನನ್ನ ಕಣ್ಣು ಹನ್ನಾಳ ಮೇಲೆ ನಿಂತಿತು. ಹದಿನೈದರ ಹುಡುಗಿ, ಸಣಕಲು ಕೈಗೆ ದೊಡ್ಡವರ ವಾಚು. ಆ ವಾಚು ಅವಳ ಅಮ್ಮನದು. ಅಮ್ಮ ಏಪ್ರಿಲ್‌ನಲ್ಲಿ ತೀರಿಕೊಂಡಿದ್ದರು. ಮನೆಯಲ್ಲಿ ಉಳಿದ ಯಾರಿಗೂ ಏನೂ ಆಗಿರಲಿಲ್ಲ ಎಂದು ಅವಳ ಅಪ್ಪ ಕಮಿಟಿಗೆ ಹೇಳಿದ್ದರು. ಹನ್ನಾ ಎಲೆ ಎತ್ತುತ್ತಿದ್ದಳು, ಕಣ್ಣು ಮುಚ್ಚಿ ಮೂಸುತ್ತಿದ್ದಳು, ತುಟಿ ಅಲ್ಲಾಡುತ್ತಿದ್ದವು, ದನಿ ಮಾತ್ರ ಬರುತ್ತಿರಲಿಲ್ಲ. ಬೇರೆಯವರಿಗೆ 'ಆಮೇನ್' ಅನ್ನುವಾಗ ಗಂಟಲು ಸರಿಯಾಗೇ ಇತ್ತು. ನಾಚಿಕೆಯೇ? ಖೊ ಖೊ ಆಟದಲ್ಲಿ ಓಣಿಯ ಆಚೆ ತುದಿಗೆ ಕೇಳುವಂತೆ ಕೂಗುವ ಹುಡುಗಿಗೆ ಅದೆಂಥ ನಾಚಿಕೆ?

"ವಾಸನೆ ಹೇಗಿದೆ ಹನ್ನಾ?" ಎಂದು ಕೇಳಿದೆ.

"ಛಾನ್ ಆಹೆ, ಟೀಚರ್." ಚೆನ್ನಾಗಿದೆ ಎಂದಳು. ಕಿವಿ ಕೆಂಪಾಯಿತು.

ಮಾರನೆಯ ದಿನ ಮನೆಯಿಂದ ಒಂದು ಚಿಟಿಕೆ ಇಂಗನ್ನು ಎಣ್ಣೆಯಲ್ಲಿ ಕಲಸಿ ಪೊಟ್ಟಣ ಕಟ್ಟಿಕೊಂಡೆ. ಗುರುನಾಥ ನೋಡಿದರು. "ಯಹೂದ್ಯಾರಿಗೆ ಒಗ್ಗರಣಿ ಹಾಕ್ಲಿಕ್ಕೆ ಹೊಂಟೀಯೇನು?" ಎಂದರು. ನಾನು ನಗಲಿಲ್ಲ. ಹನ್ನಾಳ ಕುರ್ಚಿಯ ಮೇಲಿನ ಕುಡಿಗೆ, ಎಲೆಯ ಬೆನ್ನಿಗೆ, ಅದನ್ನು ಚೆನ್ನಾಗಿ ಸವರಿದೆ. ನನಗೇ ಮಾಸ್ಕಿನೊಳಗಿಂದ ಘಾಟು ಹೊಡೆಯಿತು. ಅವಳು ಬಂದು ಕೂತಳು. ಎಲೆ ಎತ್ತಿ, ಮೂಗಿಗೆ ಒತ್ತಿ ಹಿಡಿದು, ಹಬ್ಬದ ಮನೆಗೆ ಬಂದವಳ ಹಾಗೆ ಸಣ್ಣಗೆ ನಕ್ಕಳು.

ನನಗೆ ಜಯವಾಗಿತ್ತು. ತಕ್ಷಣ ಮಾಮಾನ ಕಡೆ ತಿರುಗಿ ನೋಡಿದೆ. ಅವಳಿಂದ ನಾಲ್ಕು ಮಾರು ದೂರದಲ್ಲಿ ಮಾಮಾ ಕೂತಿದ್ದರು, ಮಾಸ್ಕ್ ಗದ್ದಕ್ಕೆ ಇಳಿಸಿಕೊಂಡು, ಹಾಡಿನ ಧಾಟಿ ಹೇಳಿಕೊಡುತ್ತಾ.

ಅವಳನ್ನು ಚಪ್ಪರದ ಆಚೆ ಕರೆದೆ. ಎಲೆಗೆ ಏನು ಹಚ್ಚಿದ್ದೆ ಎಂದು ಹೇಳಿದೆ. ಹುಡುಗಿ ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಕೈಯಲ್ಲಿದ್ದ ಎಲೆಯನ್ನೇ ನೋಡುತ್ತಾ ನಿಂತಳು.

"ಅಮ್ಮನ ಜೊತೆ ನನಗೂ ಬಂದಿತ್ತು ಟೀಚರ್. ಬಿಲ್ಡಿಂಗಿಗೆ ಸೀಲ್ ಹಾಕುತ್ತಾರೆಂದು ಪಪ್ಪಾ ನನ್ನ ಟೆಸ್ಟ್ ಮಾಡಿಸಲಿಲ್ಲ. ನನಗೆ ವಾಸಿಯಾಯಿತು. ಮೂಗು ವಾಪಸ್ ಬಂದಿಲ್ಲ."

"ಏಪ್ರಿಲ್‌ನದೋ, ಮೊನ್ನೆಯದೋ, ನಾನು ಹೇಗೆ ನಂಬಲಿ?"

"ನಂಬಬೇಡಿ. ಆದರೆ ನನ್ನನ್ನು ತೆಗೆಯಬೇಡಿ. ಅಮ್ಮ ನನಗೋಸ್ಕರ ಮಲೀದಾ ಹರಕೆ ಹೊತ್ತಿದ್ದಳು, ನನಗೆ ಗುಣವಾದರೆ ಮಾಡಿಸುತ್ತೇನೆ ಅಂತ. ಶಿಬಿರದ ಕೊನೆಯ ದಿನ ಮಾಮಾ ಅದನ್ನು ಮಾಡಿಸುತ್ತಾರೆ. ಅದರಲ್ಲೂ ಸಬ್ಜಾದ ಈ ಸಾಲನ್ನು ಹೇಳಬೇಕು. ಮೂಗೇ ಬರದಿದ್ದರೆ ನಾನು ಗುಣವಾದೆ ಅಂತ ಹೇಗೆ ಹೇಳಲಿ?"

ಮಲೀದಾ ಅಂದರೆ ತೆಂಗು, ಬೆಲ್ಲ, ಏಲಕ್ಕಿ ಬೆರೆಸಿದ ಸಿಹಿ ಅವಲಕ್ಕಿಯ ನೈವೇದ್ಯ. ಪ್ರವಾದಿ ಏಲಿಯಾಹುವಿನ ಹೆಸರಿನಲ್ಲಿ ಆ ಜನ ಹರಕೆ ತೀರಿಸುವ ಬಗೆ ಅದು. ನನಗೆ ಸಂಕಟವಾಯಿತು. ನನ್ನ ಮುಂದೆ ಧೈರ್ಯವಾಗಿ ಸುಳ್ಳು ಹೇಳಿದ ಹುಡುಗಿ ದೇವರ ಮುಂದೆ ಒಂದು ಸಾಲನ್ನು ಗಟ್ಟಿಯಾಗಿ ಹೇಳದೆ ಸಿಕ್ಕಿಬಿದ್ದಿದ್ದಳು. ಸುಮ್ಮನೆ ಹೇಳಿಬಿಟ್ಟಿದ್ದರೆ ನನಗೆ ಯಾವ ಜನ್ಮದಲ್ಲೂ ಗೊತ್ತಾಗುತ್ತಿರಲಿಲ್ಲ. ಆದರೂ ಮಾತು ಕೊಟ್ಟವಳು ನಾನು. ಮಾಮಾನ ಪುಟ್ಟ ಟೋಪಿ ಅಲ್ಲಿಂದಲೇ ಕಾಣುತ್ತಿತ್ತು.

"ಹದಿನೈದು ದಿನ ಗೇಟಿನ ಹೊರಗೆ. ನಾಳೆ ಸರ್ಕಾರಿ ದವಾಖಾನೆಗೆ ಬಂದು ಟೆಸ್ಟ್ ಮಾಡಿಸು. ಆಮೇಲೆ ನೋಡೋಣ" ಎಂದೆ. ರೇಚೆಲ್ ಬಾಯಿಗೆ ಹೇಳಲಿಲ್ಲ. ಹೇಳಿದ್ದರೆ ಅದೇ ದಿನ ಎಲ್ಲರಿಗೂ ಬಾಗಿಲು ಮುಚ್ಚುತ್ತಿತ್ತು.

ಟೆಸ್ಟಿನಲ್ಲಿ ಏನೂ ಇಲ್ಲ ಎಂದು ಬಂತು. ಆ ಕಾಗದವನ್ನೂ ನಾನು ನಂಬಲಿಲ್ಲ. ಕಾಗದದಲ್ಲಿ ಏನೂ ಇಲ್ಲದೆ ಎದೆಯಲ್ಲಿ ಎಲ್ಲಾ ಇದ್ದವರ ಕಥೆಗಳನ್ನು ಆ ಬೇಸಿಗೆಯಲ್ಲಿ ಬೇಕಾದಷ್ಟು ಕೇಳಿದ್ದೆ. ಹನ್ನಾ ಮನೆಯಲ್ಲಿ ಕೂರಲಿಲ್ಲ. ದಿನವೂ ಛತ್ರಿ ಹಿಡಿದು ಬಂದು ಓಣಿಯ ಆಚೆ ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಕೂತು, ಗೇಟಿನ ಸರಳುಗಳ ನಡುವಿಂದ ಬರುವ ಹಾಡಿಗೆ ಅಲ್ಲಿಂದಲೇ ದನಿಗೂಡಿಸುತ್ತಿದ್ದಳು. ಅಷ್ಟರಲ್ಲಿ ಮಳೆ ಹಿಡಿದಿತ್ತು. ತಗಡಿನ ಮೇಲೆ ಹನಿ ಬಿದ್ದಾಗ ಅವಳ ದನಿ ಕೇಳುತ್ತಿರಲಿಲ್ಲ, ತುಟಿ ಮಾತ್ರ ಕಾಣುತ್ತಿತ್ತು. ನಾನು ಒಳಗಿಂದ ಅವಳು ಕೆಮ್ಮುತ್ತಾಳೋ ಎಂದು ಕಾಯುತ್ತಿದ್ದೆ.

ಮಾಮಾ ಎರಡು ದಿನ ನೋಡಿದರು. ಮೂರನೆಯ ದಿನ ಮಕ್ಕಳು ಊಟದ ಡಬ್ಬಿ ಬಿಚ್ಚಿದಾಗ ನನ್ನನ್ನು ಕೇಳಿದರು. "ಆ ಹುಡುಗೀನ ಯಾಕ ಹೊರಗ ಹಾಕೀಯವಾ?"

ಹೇಳಿದೆ. ಅವರು ತಲೆಯಾಡಿಸಿದರು. "ನನಗ ಮೊದಲನೇ ದಿನಾನ ತಿಳದಿತ್ತು. ಹನ್ನೆರಡು ಮಂದಿ ಕುಂತಿದ್ರು, ಹನ್ನೊಂದು ದನಿ ಕೇಳಿದ್ವು."

"ತಿಳದೂ ಸುಮ್ಮನಿದ್ರೇನ್ರಿ? ನಿಮಗ ಏನರ ಆಗಿದ್ರ?"

"ನನಗೇನಾಗತೈತಿ ಬಿಡು" ಎಂದು ಎದ್ದು ಹೋದರು.

ಆ ಮಾತು ನನ್ನೊಳಗೆ ಮುಳ್ಳಿನ ಹಾಗೆ ಕೂತಿತು. ಸಾವಿಗೆ ಹೆದರದವರು ಬೇಕಾದಷ್ಟು ಜನ ಇರುತ್ತಾರೆ, ಆದರೆ ಇದು ಅಂಥ ಮಾತಿನ ಹಾಗೆ ಕೇಳಲಿಲ್ಲ. ಮನೆಗೆ ಹೋಗುವಾಗ ಸ್ಕೂಟರಿನ ಮೇಲೆ ಒಂದೊಂದೇ ಬೆಳಗನ್ನು ನೆನಪಿಸಿಕೊಂಡೆ. ಮಾಮಾ ಎಲೆ ಮೂಸುತ್ತಾರೆ. ಮಕ್ಕಳಿಂದ ಹೇಳಿಸುತ್ತಾರೆ. ಎಲ್ಲರಿಗಿಂತ ಗಟ್ಟಿಯಾಗಿ ಆಮೇನ್ ಅನ್ನುತ್ತಾರೆ. ಆ ಸಾಲನ್ನು ಅವರ ಬಾಯಲ್ಲಿ ನಾನು ಕೇಳಿದ್ದುಂಟೇ? ಸಿಗ್ನಲ್ಲು ಹಸಿರಾದದ್ದು ಗೊತ್ತಾಗದೆ ಹಿಂದಿನವರಿಂದ ಬೈಸಿಕೊಂಡೆ.

ಮರುದಿನ ಇಂಗಿನ ಪೊಟ್ಟಣ ಮತ್ತೆ ಹೊರಬಂತು. ಮಾಮಾನ ಸ್ಟೂಲಿನ ಮೇಲಿನ ಕುಡಿಗೆ ಹಚ್ಚಿದೆ. ಅವರು ಬಂದು ಕೂತರು. ಎಲೆಯನ್ನು ಬಹಳ ಹೊತ್ತು ಮೂಗಿಗೆ ಹಿಡಿದರು. ಕಣ್ಣು ತೆರೆದು ತೊಡೆಯ ಮೇಲೆ ಮೆಲ್ಲಗೆ ಇಟ್ಟುಕೊಂಡು, ಶುರು ಮಾಡಿ ಎಂದು ಮಕ್ಕಳಿಗೆ ಕೈ ಮಾಡಿದರು.

ನನಗೆ ಆಗ ಬಂದ ಸಿಟ್ಟು ಅಷ್ಟಿಷ್ಟಲ್ಲ. ಪಾಠ ಮುಗಿಯುವವರೆಗೆ ಹಲ್ಲು ಕಚ್ಚಿಕೊಂಡು ನಿಂತೆ. ಹನ್ನೊಂದು ಮಕ್ಕಳಿಂದ ಇವರನ್ನು ಕಾಪಾಡುತ್ತೇನೆಂದು ನಾನು ಗೇಟಿನಲ್ಲಿ ಬಿಸಿಲು ಮಳೆ ತಿಂದರೆ, ರೋಗ ಒಳಗೇ ಸ್ಟೂಲಿನ ಮೇಲೆ ಕೂತು ಹಾಡು ಕಲಿಸುತ್ತಿದ್ದಿರಬಹುದು! ಮಕ್ಕಳು ಆಟಕ್ಕೆ ಎದ್ದ ಕೂಡಲೇ ಹತ್ತಿರ ಹೋದೆ.

"ಮಾಮಾ, ಆ ಎಲಿಗೆ ನಾ ಇಂಗು ಹಚ್ಚಿದ್ದೆ."

ಅವರು ಎಲೆಯನ್ನು ತಿರುಗಿಸಿ ನೋಡಿದರು. ಬೆರಳಿಗೆ ಅಂಟಿದ ಜಿಡ್ಡನ್ನು ಉಜ್ಜಿದರು. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕರು.

"ಗಾರ್ಡಿನ ಟಿಕೀಟು ಯಾರೂ ಕೇಳೂದಿಲ್ಲವಾ. ನೀ ಒಬ್ಬಾಕಿ ಕೇಳಿದಿ ನೋಡು."

"ನಗಬ್ಯಾಡ್ರಿ. ಯಾವಾಗಿಂದ?"

"ಏಪ್ರಿಲ್‌ನ್ಯಾಗ. ರೇಚೆಲ್ ದವಾಖಾನಿಯೊಳಗ ಇದ್ಲು, ನಾ ಇಲ್ಲಿ ಒಬ್ಬನ ಇದ್ದೆ. ಜ್ವರ ಬಂತು. ಶುಂಠಿ ಕಷಾಯ ಕುಡದು ಮಲಗಿದೆ. ಫೋನಿನ್ಯಾಗ ಅರಾಮದೇನಿ ಅಂದೆ. ಆಕಿ ತನ್ನ ಉಸಿರಿಗೆ ಬಡಿದಾಡಾಕ ಹತ್ತಿದ್ಲು, ನನ್ನ ಚಿಂತಿ ಯಾಕ ಹಚ್ಚಲಿ? ಅವತ್ತಿಂದ ಮೂಗು ಸತ್ತೈತಿ. ದಿನಾ ಮುಂಜಾನೆ ಈ ಎಲಿ ಹಿಡಕೊಂಡು ಕೂಡ್ತೇನಿ. ಇವತ್ತರ ಬಂದೀತು ಅಂತ. ಒಬ್ಬನ ಕುಂತು ಮೂಸಿ ಮೂಸಿ ಬ್ಯಾಸರಾತು. ಹುಡುಗೂರು ಇದ್ರ ಅವರ ಬಾಯಿಂದಾದ್ರೂ ಆ ಮಾತು ಕೇಳ್ತೇನಿ ಅಂತ ಇದನ್ನ ಸುರು ಮಾಡಿದೆ."

ನನ್ನ ಸಿಟ್ಟಿಗೆ ನಿಲ್ಲಲು ಜಾಗ ಸಿಗಲಿಲ್ಲ. ಅಳು ಬಂತು. ಆದರೂ ಬಾಯಿಂದ ಬಂದದ್ದು ಬೇರೆಯೇ. "ಆ ಹುಡುಗೀಗೆ ಒಂದು ನಿಯಮ, ನಿಮಗೊಂದು ಆಗೂದಿಲ್ರಿ. ಹುಡುಗ್ರು ಇರೂತನಕ ನೀವೂ ಹೊರಗ."

"ಸರಿ ಐತಿ" ಎಂದರು. ಎದ್ದು ಸ್ಟೂಲನ್ನು ಎಡಗೈಯಲ್ಲಿ, ಕಾಮಕಸ್ತೂರಿಯ ಒಂದು ಡಬ್ಬಿಯನ್ನು ಬಲಗೈಯಲ್ಲಿ ಹಿಡಿದು, ನಿಧಾನವಾಗಿ ಗೇಟು ದಾಟಿ, ಓಣಿ ದಾಟಿ, ಹನ್ನಾ ಕೂತಿದ್ದ ಕಟ್ಟೆಯ ಇನ್ನೊಂದು ತುದಿಗೆ ಹೋಗಿ ಕೂತರು. ಅಲ್ಲಿಂದಲೇ ಕೈಯೆತ್ತಿ, ಹಾಡಿನ ಮುಂದಿನ ಸಾಲು ಎತ್ತಿದರು. ಒಳಗಿದ್ದ ಹನ್ನೊಂದು ಮಕ್ಕಳು ಗೇಟಿಗೆ ಮುಖ ಮಾಡಿ ಕುರ್ಚಿ ತಿರುಗಿಸಿಕೊಂಡರು.

ಉಳಿದ ದಿನಗಳು ಹಾಗೇ ನಡೆದವು. ಮಾಸ್ತರರು ರಸ್ತೆಯಲ್ಲಿ, ವಿದ್ಯಾರ್ಥಿಗಳು ಅಂಗಳದಲ್ಲಿ, ನಡುವೆ ಸರಳಿನ ಗೇಟು, ಗೇಟಿನಲ್ಲಿ ನಾನು. ಗಾಡಿ ಹೋದಾಗ ಹಾಡು ನಿಲ್ಲುತ್ತಿತ್ತು, ಗಾಡಿ ಹೋದ ಮೇಲೆ ಮುಂದುವರಿಯುತ್ತಿತ್ತು. ಮಳೆ ಬಂದರೆ ಹನ್ನಾ ತನ್ನ ಛತ್ರಿಯನ್ನು ಚಾಚಿದ ಕೈಯಲ್ಲಿ ಮಾಮಾನ ಕಡೆ ಹಿಡಿಯುತ್ತಿದ್ದಳು, ದೂರ ಬಿಟ್ಟು ಕೂತದ್ದರಿಂದ ಇಬ್ಬರೂ ಅರ್ಧರ್ಧ ನೆನೆಯುತ್ತಿದ್ದರು. ಮಾಮಾನ ಟೆಸ್ಟನ್ನೂ ಮಾಡಿಸಿದೆ, ಏನೂ ಇಲ್ಲ ಎಂದೇ ಬಂತು. ಓಣಿಯ ಜನ ಕಿಟಕಿಯಿಂದ ಇಣುಕಿ ನೋಡುತ್ತಿದ್ದರು. ಯಾರು ಚೌಕಿಗೆ ಫೋನ್ ಮಾಡುತ್ತಾರೋ ಎಂದು ನಾನು ಕಿಟಕಿಗಳನ್ನು ನೋಡುತ್ತಿದ್ದೆ.

ಒಂದು ದಿನ ರೇಚೆಲ್ ಬಾಯಿ ಬಂದೇಬಿಟ್ಟರು. "ಪಪ್ಪಾ ಯಾಕೆ ರಸ್ತೆಯಲ್ಲಿ ಕೂತಿದ್ದಾರೆ?"

ಮಾಮಾ ನನ್ನ ಕಡೆ ನೋಡಿದರು. ಹನ್ನಾ ನನ್ನ ಕಡೆ ನೋಡಿದಳು. ಪರೀಕ್ಷೆಯ ಕೋಣೆಗಳಲ್ಲಿ ನೂರಾರು ಮಕ್ಕಳ ಸುಳ್ಳು ಹಿಡಿದವಳು ನಾನು.

"ಒಳಗೆ ಸೆಕೆ ಅಂತೆ ಬಾಯಿ. ಗಾಳಿ ಬೇಕು ಅಂದರು. ಹನ್ನಾ ಜೊತೆಗೆ ಇರಲಿ ಅಂತ ಕೂರಿಸಿದೆ."

ರೇಚೆಲ್ ಬಾಯಿ ಮೋಡ ಮುಸುಕಿದ ಆಕಾಶ ನೋಡಿದರು, ನನ್ನನ್ನು ನೋಡಿದರು. ನನ್ನ ಕಿವಿಗಳು ಮಾಸ್ಕಿನ ದಾರದ ಹಿಂದೆ ಉರಿಯುತ್ತಿದ್ದವು. "ನೀವಿದ್ದೀರಲ್ಲ, ನನಗೆ ಚಿಂತೆಯಿಲ್ಲ" ಎಂದು ಹೇಳಿ ಹೋದರು. ಅವರು ಹೋದ ಮೇಲೆ ಕಟ್ಟೆಯ ಮೇಲಿನಿಂದ ಮಾಮಾ ಗಟ್ಟಿಯಾಗಿ, "ಚಲೋ ಹೇಳ್ತಿ ಬಿಡವಾ ಸುಳ್ಳು!" ಎಂದರು. ಓಣಿಯಲ್ಲಿ ಯಾರಿಗೂ ಕನ್ನಡ ಬರುತ್ತಿರಲಿಲ್ಲ, ಪುಣ್ಯ.

ಇಬ್ಬರಿಗೂ ಹದಿನೈದು ದಿನ ಕಳೆದವು. ಯಾರಿಗೂ ಜ್ವರ ಬರಲಿಲ್ಲ. ಶಿಬಿರದ ಕೊನೆಯ ದಿನ ಇಬ್ಬರನ್ನೂ ಒಳಗೆ ಕರೆದೆ. ಚಪ್ಪರದಡಿ ದೊಡ್ಡ ಪರಾತದಲ್ಲಿ ಮಲೀದಾ ಗುಡ್ಡೆ ಹಾಕಿ, ಸುತ್ತ ಹಣ್ಣು ಜೋಡಿಸಿದ್ದರು. ನಮ್ಮ ಕಡೆ ಮಾದಲಿ ಮಾಡುವಾಗ ಏಲಕ್ಕಿ ಬಿದ್ದೊಡನೆ ಏಳುವ ಘಮವೇ ಅಲ್ಲೂ ಎದ್ದಿತ್ತು. ಹನ್ನಾಳ ಅಪ್ಪ ತಲೆ ತಗ್ಗಿಸಿಕೊಂಡು ಮೂಲೆಯಲ್ಲಿ ಕೂತಿದ್ದರು. ಹನ್ನಾ ಅಮ್ಮನ ವಾಚನ್ನು ಒಂದೇ ಸಮನೆ ತಿರುಗಿಸುತ್ತಿದ್ದಳು.

ನಾನು ಎಲೆಗಳನ್ನು ಇಡುತ್ತಾ ಬಂದೆ. ಹನ್ನಾಳ ಕುರ್ಚಿಯ ಹತ್ತಿರ ಬಂದಾಗ ಕೈ ತಾನಾಗಿ ಚೀಲಕ್ಕೆ ಹೋಯಿತು. ಇವತ್ತು ಅವಳು ಅಮ್ಮನಿಗೋಸ್ಕರ ಸುಳ್ಳು ಹೇಳಿಬಿಟ್ಟರೆ? ಅಪ್ಪನ ಮುಖ ನೋಡಿ ಹೇಳಿಬಿಟ್ಟರೆ? ಹರಕೆಯ ದಿನವೂ ಬಿಡದ ಬುದ್ಧಿ ನನ್ನದು. ಇಂಗು ಹಚ್ಚಿದೆ.

ಮಕ್ಕಳು ಒಬ್ಬೊಬ್ಬರಾಗಿ ಹೇಳಿದರು. ಅವಳ ಸರದಿ ಬಂತು. ಮಾಸ್ಕ್ ಇಳಿಸಿ ಎಲೆಯನ್ನು ಮೂಗಿಗೆ ಹಿಡಿದಳು. ಹುಬ್ಬು ಗಂಟಾಯಿತು. ಮತ್ತೆ ಹಿಡಿದಳು. ಮೂಗು ಸೊಟ್ಟ ಮಾಡಿಕೊಂಡು ಎಲೆಯನ್ನು ದೂರ ಚಾಚಿದಳು.

"ಶೀ! ಟೀಚರ್, ಇದರಲ್ಲಿ ಹಿಂಗ್ ಇದೆ!"

ತಾನೇನು ಹೇಳಿದೆ ಎಂಬುದು ಹುಡುಗಿಗೆ ಆಮೇಲೆ ಹೊಳೆಯಿತು. ಕೈ ಬಾಯಿಗೆ ಹೋಯಿತು. "ಹಿಂಗ್" ಎಂದಳು ಮತ್ತೊಮ್ಮೆ, ಮೆಲ್ಲಗೆ. ಅವಳ ಅಪ್ಪ ಎದ್ದು ನಿಂತರು. ಉಳಿದ ಮಕ್ಕಳು ಏನೂ ಅರ್ಥವಾಗದೆ ನಗತೊಡಗಿದರು. ನಾನು ಬೇವಿನ ಮರದ ಹಿಂದೆ ಹೋಗಿ ಮಾಸ್ಕ್ ಒದ್ದೆಯಾಗುವಷ್ಟು ಅತ್ತೆ.

"ಇಂಗಿಗೆ ನಮ್ಮಲ್ಲಿ ಯಾವ ಸ್ತುತೀನೂ ಇಲ್ಲವಾ" ಎಂದು ಮಾಮಾ ನನಗೆ ಕೇಳುವಂತೆ ಹೇಳಿ, ತಾವು ಆಗಲೇ ಮೂಸಿ ತೊಡೆಯ ಮೇಲೆ ಇಟ್ಟುಕೊಂಡಿದ್ದ ಕುಡಿಯನ್ನು ಎದ್ದು ಹೋಗಿ ಹನ್ನಾಳಿಗೆ ಕೊಟ್ಟರು. ಅವಳು ಅದನ್ನು ಮೂಸಿ ಆ ಸಾಲನ್ನು ಹೇಳಿದಳು. ದನಿ ನಡುವೆ ಎರಡು ಕಡೆ ಒಡೆಯಿತು, ಆದರೂ ಓಣಿಯ ಕಟ್ಟೆಯವರೆಗೆ ಕೇಳುವಷ್ಟು ಗಟ್ಟಿಯಾಗಿತ್ತು. ಎಲ್ಲರಿಗಿಂತ ಮೊದಲು ಮಾಮಾ ಆಮೇನ್ ಅಂದರು. ಅವರ ಕೈ ಬರಿದಾಗಿತ್ತು. ಅದನ್ನು ಕಂಡವಳು ನಾನೊಬ್ಬಳೇ.

ಹೋದ ವಾರ, ಆ ಕಾಮಕಸ್ತೂರಿಯ ಕಟ್ಟನ್ನು ಹಿಡಿದುಕೊಂಡು ಹಡಪಸರದ ಮನೆಯವರೆಗೆ ಹೋಗಲು ಮನಸ್ಸಾಗಲಿಲ್ಲ. ನಡುವೆಯೇ ಇಳಿದು ಹಳೆಯ ಪೇಟೆಗೆ ನಡೆದೆ. ಗೇಟಿಗೆ ಹೊಸ ಬಣ್ಣ ಹೊಡೆದಿದ್ದಾರೆ. ಓಣಿಯ ಆಚೆಯ ಅಂಗಡಿ ತೆರೆದಿದೆ, ಕಟ್ಟೆಯ ಮೇಲೆ ಮೊಬೈಲ್ ಕವರುಗಳನ್ನು ಹರಡಿದ್ದಾರೆ. ಮಾಮಾ ಅದೇ ಎರಡು ಕೋಣೆಗಳ ಮುಂದೆ ಕೂತಿದ್ದರು. ಕಣ್ಣು ಮಂಜಾಗಿದೆ, ಕಿವಿ ಇನ್ನೂ ಚುರುಕಾಗಿದೆ. ನನ್ನ ಚಪ್ಪಲಿಯ ಸದ್ದಿಗೇ "ಬಾರವಾ" ಎಂದರು. ಹನ್ನಾ ನರ್ಸಿಂಗ್ ಓದುತ್ತಿದ್ದಾಳೆ, ಶುಕ್ರವಾರ ಬಂದು ಹೋಗುತ್ತಾಳೆ ಎಂದರು.

ಕುಡಿಯೊಂದನ್ನು ಕಿತ್ತು ಅವರ ಕೈಗಿಟ್ಟೆ. ಅವರು ಹಳೆಯ ಹಾಗೆಯೇ ಕಣ್ಣು ಮುಚ್ಚಿ ಬಹಳ ಹೊತ್ತು ಮೂಗಿಗೆ ಹಿಡಿದರು. ನಾನು ಹಳೆಯ ಹಾಗೆಯೇ ಅವರ ಮುಖ ನೋಡುತ್ತಾ ನಿಂತೆ.

"ಬಂತೇನ್ರಿ ಮಾಮಾ?"

"ಇಲ್ಲವಾ. ನಾಳೆ ನೋಡೂಣು." ಎಲೆಯ ಬೆನ್ನನ್ನು ಹೆಬ್ಬೆರಳಿನಿಂದ ಸವರಿದರು. "ಇಂಗು ಹಚ್ಚೀಯೇನು?"

"ಇಲ್ರಿ. ಖರೇನ ಇಲ್ಲ."

"ಹಂಗಾದ್ರ ನೀನ ಮೂಸಿ ಹೇಳು. ಹೆಂಗೈತಿ?"

ಅವರ ಕೈಯಿಂದ ಎಲೆ ತೆಗೆದುಕೊಂಡು ಮೂಸಿದೆ. ಆ ಹೀಬ್ರೂ ಸಾಲು ನನಗೆ ಬಾಯಿಪಾಠವಾಗಿದೆ, ಆದರೆ ಅದು ನನ್ನದಲ್ಲ. ನನಗೆ ಬರುವ ಮಾತಿನಲ್ಲಿ ಹೇಳಿದೆ. "ಭಾಳ ಛಲೋ ಅದ್ರಿ ಮಾಮಾ. ಹಸಿ ಹಸಿ ಅದ, ಮಳಿ ಬಿದ್ದ ಹಿತ್ತಲದಂಗ."

ನಾನು ಇಂಗು ಹಚ್ಚಿರಬಹುದು, ಸುಳ್ಳು ಹೇಳಿರಬಹುದು, ಕೈಯಲ್ಲಿದ್ದದ್ದು ಕಾಮಕಸ್ತೂರಿಯೇ ಅಲ್ಲದಿರಬಹುದು. ಮಾಮಾ ಅದ್ಯಾವುದನ್ನೂ ಕೆದಕಲಿಲ್ಲ. ಮಂಜುಗಣ್ಣನ್ನು ನನ್ನ ಕಡೆ ತಿರುಗಿಸಿ, "ಆಮೇನ್" ಎಂದರು.